ಕಿಡಿ ಎಲ್ಲಿ ನಿಂತಿತು?
ಹಳೆಯ ಔಟ್‌ಬೋರ್ಡ್ ಇಂಜಿನಿನ ಪರೀಕ್ಷೆ

ರಸ್ತೆಯಲ್ಲಿ ಕೆಟ್ಟುನಿಂತ ಮೋಟಾರು ಸೈಕಲ್ಲನ್ನು ತಳ್ಳಿಕೊಂಡಾದರೂ ಮನೆ ಸೇರಬಹುದು. ಅಳಿವೆಯ ಬಾಯಲ್ಲಿ, ಇಳಿತದ ಸೆಳವಿನಲ್ಲಿ, ದೋಣಿಯ ಇಂಜಿನು ನಿಂತುಹೋದರೆ ತಳ್ಳುವವರು ಯಾರು? ಆದುದರಿಂದ ಹಳೆಯ ಇಂಜಿನನ್ನು ನೀರಿಗೆ ಇಳಿಸುವ ಮೊದಲೇ ಅದರ ಕಿಡಿಯನ್ನು ಪರೀಕ್ಷಿಸುವುದು ಪ್ರಾಣಕ್ಕೆ ಸಂಬಂಧಿಸಿದ ಮಾತು. ನಮ್ಮ ಓದುಗರಲ್ಲಿ ಕರಾವಳಿಯವರು ಅನೇಕರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ನೆಂಟರ ದೋಣಿಯಲ್ಲಿ ಇಂತಹ ಇಂಜಿನು ಕಣ್ಣಿಗೆ ಬೀಳುವ ಸಂಭವವುಂಟು.

ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ತನ್ನ ಔಟ್‌ಬೋರ್ಡ್ ಇಂಜಿನನ್ನು ಮಾರಾಟಕ್ಕೆ ತಂದನು. 1950ರ ದಶಕದ ಎವಿನ್‌ರೂಡ್ ಮತ್ತು ಜಾನ್ಸನ್ ಇಂಜಿನುಗಳನ್ನು ಹವ್ಯಾಸಿಗಳು ಇಂದಿಗೂ ಓಡಿಸುತ್ತಾರೆ. ಅವುಗಳಲ್ಲಿ ಎರಡು ಸಿಲಿಂಡರಿನ ಸಣ್ಣ ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಇದರ ಕಿಡಿಗೆ ಬ್ಯಾಟರಿ ಬೇಡ. ಹಗ್ಗ ಎಳೆದಾಗ ಫ್ಲೈವೀಲಿನೊಳಗಿನ ಅಯಸ್ಕಾಂತವು ಕಾಯಿಲಿನ ಪಕ್ಕದಲ್ಲಿ ಹಾದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಪಾಯಿಂಟುಗಳು ತೆರೆದುಕೊಂಡ ಕ್ಷಣದಲ್ಲಿ ಆ ಪ್ರವಾಹ ಕಡಿದು, ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟು ಎದ್ದು, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟುಗಳೇ ಸುಟ್ಟುಹೋಗದಂತೆ ಕಂಡೆನ್ಸರು ಕಾಯುತ್ತದೆ. ಈ ನಾಲ್ಕೂ ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕವಾಗಿವೆ. ಪರೀಕ್ಷಕನಿಗೆ ಇದೇ ದೊಡ್ಡ ಅನುಕೂಲ: ಒಂದು ಬದಿ ಕೆಟ್ಟರೆ, ಸರಿಯಾಗಿರುವ ಇನ್ನೊಂದು ಬದಿಯೇ ಸಾಕ್ಷಿ ಹೇಳುತ್ತದೆ.

ಮೊದಲು ಕಿಡಿಯ ದೋಷವೋ ಪೆಟ್ರೋಲಿನ ದೋಷವೋ ಎಂಬುದು ತಿಳಿಯಬೇಕು. ಹತ್ತಾರು ಸಲ ಹಗ್ಗ ಎಳೆದು ಪ್ಲಗ್ಗುಗಳನ್ನು ಬಿಚ್ಚಿ ನೋಡಿರಿ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಸಂಶಯವು ಕಿಡಿಯ ಕಡೆಗೆ ತಿರುಗುತ್ತದೆ.

ಚೆಲ್ಲಿದ ಪೆಟ್ರೋಲನ್ನು ಒರೆಸಿ, ಗಾಳಿಯಾಡುವ ಕಡೆ ಕಿಡಿಯ ಪರೀಕ್ಷೆಗೆ ತೊಡಗಿರಿ. ಪ್ಲಗ್ಗಿನ ತಂತಿಗೆ ಸ್ಪಾರ್ಕ್ ಟೆಸ್ಟರನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಇಂಜಿನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಪ್ಲಗ್ಗಿನ ರಂಧ್ರದಿಂದ ಅದು ದೂರವಿರಲಿ. ಇನ್ನೊಂದು ಬದಿಯ ತಂತಿಯನ್ನೂ ಲೋಹಕ್ಕೆ ಸೇರಿಸಿಡಿ, ಬಿಡಿಯಾಗಿ ಬಿಟ್ಟರೆ ಕಾಯಿಲಿಗೆ ಅಪಾಯ. ಹಗ್ಗವನ್ನು ಚುರುಕಾಗಿ ಎಳೆದಾಗ ಕಾಲು ಅಂಗುಲದ ಅಂತರವನ್ನು ನೀಲಿ ಕಿಡಿಯು ಚಟಪಟನೆ ಹಾರಿದರೆ ಕ್ಷೇಮ. ಹಳದಿಯಾಗಿ ತಡವರಿಸಿದರೆ ಶಕ್ತಿ ಸಾಲದು.

ಒಂದೇ ಸಿಲಿಂಡರು ಸುಮ್ಮನಿದ್ದರೆ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡಿರಿ. ದೋಷವು ಪ್ಲಗ್ಗಿನೊಡನೆ ಆ ಕಡೆಗೆ ಹೋದರೆ ಪ್ಲಗ್ಗೇ ಕೆಟ್ಟಿದೆ; ಇದ್ದಲ್ಲೇ ಉಳಿದರೆ ಫ್ಲೈವೀಲಿನ ಕೆಳಗೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಇಂಜಿನು ಹೊರಟರೂ ಕಾರಣ ತಿಳಿಯುವುದಿಲ್ಲ, ಕೈಯ ಹಣವೂ ವೃಥಾ ಹೋಗುತ್ತದೆ. ಇಂಜಿನು ನಿಲ್ಲಿಸುವ ಗುಂಡಿ ಇದ್ದರೆ ಅದರ ತಂತಿಯನ್ನೂ ಒಮ್ಮೆ ಬಿಡಿಸಿ ನೋಡಿರಿ. ಆ ತಂತಿ ಲೋಹಕ್ಕೆ ತಗುಲಿಕೊಂಡರೂ ಕಿಡಿ ಸತ್ತುಹೋಗುತ್ತದೆ.

ಫ್ಲೈವೀಲನ್ನು ಪುಲ್ಲರಿನಿಂದಲೇ ಎತ್ತಬೇಕು, ಸುತ್ತಿಗೆಯಿಂದ ಹೊಡೆಯಬಾರದು. ಬಹುಕಾಲ ಸುಮ್ಮನಿದ್ದ ಇಂಜಿನಿನಲ್ಲಿ ಪಾಯಿಂಟುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕೂತಿರುತ್ತದೆ, ಕಿಡಿ ನಿಲ್ಲಲು ಅಷ್ಟೇ ಸಾಕು. ನಯವಾದ ಎಮೆರಿ ಕಾಗದದಿಂದ ಮೃದುವಾಗಿ ಉಜ್ಜಿ, ಶುದ್ಧವಾದ ಕಾಗದದ ಪಟ್ಟಿಯನ್ನು ನಡುವೆ ಎಳೆದು ಒರೆಸಿರಿ. ಪೂರ್ತಿ ತೆರೆದಾಗ ಅಂತರವು ಒಂದು ಅಂಗುಲದ ಸಾವಿರ ಪಾಲಿನಲ್ಲಿ 20 ಪಾಲು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನಿಂದ ಅಳೆಯುವುದೇ ಕ್ರಮ.

ಅನಂತರ ಕಾಯಿಲಿನ ಸರದಿ. ಆ ಕಾಲದ ಕಾಯಿಲುಗಳ ಹೊದಿಕೆಯು ವಯಸ್ಸಾದಂತೆ ಬಿರುಕುಬಿಡುವುದು ಸಾಮಾನ್ಯ. ತಣ್ಣಗಿರುವಾಗ ಓಡಿ, ಬಿಸಿಯೇರಿದ ಮೇಲೆ ನಿಂತು, ಆರಿದ ಬಳಿಕ ಪುನಃ ಹೊರಡುವ ಇಂಜಿನಿನಲ್ಲಿ ಕಾಯಿಲನ್ನೋ ಕಂಡೆನ್ಸರನ್ನೋ ಶಂಕಿಸಬೇಕು. ದಡದಲ್ಲಿ ಗೆದ್ದು ನಡುನೀರಿನಲ್ಲಿ ಸೋಲಿಸುವ ದೋಷವಿದು. ಕಿಡಿ ಚೆನ್ನಾಗಿದ್ದೂ ಇಂಜಿನು ಹಿಂದಕ್ಕೆ ಒದೆಯುತ್ತಿದ್ದರೆ ಫ್ಲೈವೀಲಿನ ಕೀಲಿಯನ್ನು ನೋಡಿರಿ. ಅದು ಸ್ವಲ್ಪ ಕತ್ತರಿಸಿದರೂ ಕಿಡಿ ಹೊತ್ತುತಪ್ಪಿ ಹಾರುತ್ತದೆ.

ನಮ್ಮ ಕರಾವಳಿಯ ನಾಡದೋಣಿಗಳ ಈಚಿನ ಇಂಜಿನುಗಳಲ್ಲಿ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಕಿಡಿ ಇರುತ್ತದೆ. ಅಲ್ಲಿ ಪಾಯಿಂಟಿನ ಮಾತಿಲ್ಲ. ಆದರೂ ಪ್ಲಗ್ಗು, ತಂತಿ, ನಿಲ್ಲಿಸುವ ಗುಂಡಿ ಇವುಗಳ ಪರೀಕ್ಷೆ ಅಲ್ಲಿಯೂ ಮೊದಲಿನದೇ.

ಇಷ್ಟೆಲ್ಲ ಮಾಡಿದ ಮೇಲೂ ದಡದ ಹತ್ತಿರವೇ ಅರ್ಧ ಗಂಟೆ ಓಡಿಸಿ, ಬಿಸಿಯಾದ ಇಂಜಿನನ್ನು ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿರಿ. ಆಗಲೂ ಹೊರಟರೆ ಮುಂದೆ ಹೋಗಬಹುದು. ಹುಟ್ಟುಗಳನ್ನು ಮಾತ್ರ ದಡದಲ್ಲಿ ಬಿಟ್ಟು ಹೋಗಬೇಡಿ.