ಹವ್ಯಾಸಕ್ಕೂ ದುಡ್ಡು ಬರುತ್ತದೆಯೇ?

ಎರಡನೇ ಪಿಯುಸಿ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ರಾತ್ರಿ ಹನ್ನೊಂದು ಗಂಟೆ. ಕೋಣೆಯಲ್ಲಿ ದೀಪ ಉರಿಯುತ್ತಿದೆ, ಮಗ ಓದುತ್ತಿದ್ದಾನೆಂದು ಹಾಲಿನ ಲೋಟ ಹಿಡಿದು ಹೋದ ತಾಯಿಗೆ ಕಂಡದ್ದು ಕಂಪ್ಯೂಟರ್ ಪರದೆಯ ಮೇಲೆ ಚೌಕ ಚೌಕವಾಗಿ ಮೂಡುತ್ತಿರುವ ಒಂದು ಕೋಳಿಯ ಚಿತ್ರ.

'ಇದೇನೋ ಇದು?'

'ಗೇಮ್ ಮಾಡ್ತಾ ಇದ್ದೀನಮ್ಮ.'

'ಆಡೋದು ಸಾಲದು ಅಂತ ಮಾಡೋಕೂ ಶುರು ಮಾಡಿದ್ಯಾ?'

ಬೆಳಿಗ್ಗೆ ಅಪ್ಪನ ಮುಂದೆ ವಿಚಾರಣೆ. ಮಗನ ವಾದ ಸಿದ್ಧವಾಗಿಯೇ ಇರುತ್ತದೆ: 'ಇದರಲ್ಲೂ ದುಡ್ಡು ಬರುತ್ತಪ್ಪ. ಎಷ್ಟೋ ಜನ ಮನೇಲಿ ಕೂತೇ ಲಕ್ಷಗಟ್ಟಲೆ ಸಂಪಾದಿಸ್ತಿದ್ದಾರೆ.'

ಇಂಥ ವಿಚಾರಣೆಗಳು ಈಗ ಅನೇಕ ಮನೆಗಳಲ್ಲಿ ನಡೆಯುತ್ತಿವೆ. ಒಂದು ಮನೆಯಲ್ಲಿ ಗೇಮ್, ಇನ್ನೊಂದರಲ್ಲಿ ರಂಗೋಲಿಯ ವಿಡಿಯೊ, ಮತ್ತೊಂದರಲ್ಲಿ ಹಕ್ಕಿಗಳ ದನಿ ಅನುಕರಿಸುವ ಹುಡುಗಿ. ಮಗನ ಮಾತು ಸುಳ್ಳಲ್ಲ. ಅಪ್ಪನ ಅಂಜಿಕೆಯೂ ಸುಳ್ಳಲ್ಲ. ಹಾಗಾದರೆ ಈ ದುಡ್ಡು ಬರುವುದು ಹೇಗೆ, ಯಾರಿಗೆ, ಎಷ್ಟು ಕಾಲದ ಮೇಲೆ?

ಮಕ್ಕಳು ಹೇಳುವ ಕಥೆಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಅಲೆಕ್ಸ್ ಟ್ಯೂ ಕಥೆಯಂಥವು. 2005ರ ಆಗಸ್ಟ್‌ನಲ್ಲಿ, ಕಾಲೇಜಿನ ಖರ್ಚಿಗೆ ದಾರಿ ಹುಡುಕುತ್ತಿದ್ದ ಈ 21ರ ತರುಣ ಇಂಟರ್‌ನೆಟ್‌ನಲ್ಲಿ ಒಂದೇ ಒಂದು ಪುಟ ತೆರೆದ. ಅದರಲ್ಲಿ ಹತ್ತು ಲಕ್ಷ ಚುಕ್ಕಿಗಳು. ಚುಕ್ಕಿಗೆ ಒಂದು ಡಾಲರ್. ಜಾಹೀರಾತು ಹಾಕುವವರು ಕನಿಷ್ಠ ನೂರು ಚುಕ್ಕಿ ಕೊಳ್ಳಬೇಕು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಜನ ಮುಗಿಬಿದ್ದರು. ಕೊನೆಯ ಸಾವಿರ ಚುಕ್ಕಿಗಳು 2006ರ ಜನವರಿಯಲ್ಲಿ ಹರಾಜಿನಲ್ಲಿ 38,100 ಡಾಲರಿಗೆ ಹೋದವು. ಐದು ತಿಂಗಳೊಳಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಗಳಿಕೆ! ಯಾವ ಓದಿಗೆಂದು ಹಣ ಕೂಡಿಸಲು ಹೊರಟಿದ್ದನೋ ಆ ಓದನ್ನೇ ಆತ ನಡುವೆ ಬಿಟ್ಟದ್ದು ಬೇರೆ ಮಾತು. ಅವನನ್ನು ನೋಡಿ ಇಂಥವೇ ಪುಟ ತೆರೆದವರು ನೂರಾರು ಮಂದಿ. ಅವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಇಂಥ ಉಪಾಯ ಬೆಂಕಿಕಡ್ಡಿಯ ಹಾಗೆ, ಒಂದು ಸಲ ಗೀರಿದರೆ ಮುಗಿಯಿತು.

ಮನೆಯವರೆಲ್ಲ ಕೂತು ಕೇಳಬೇಕಾದ ಕಥೆ ಇನ್ನೊಂದಿದೆ.

ಅಜ್ಜನ ಹೊಲಕ್ಕೆ ಮರಳಿದ ಕಥೆ

ಅಮೆರಿಕದ ಎರಿಕ್ ಬರೋನ್ 2011ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಮುಗಿಸಿದ. ಕೆಲಸ ಸಿಗಲಿಲ್ಲ. ಕೈ ಪಳಗಲೆಂದು, ತಾನು ಚಿಕ್ಕವನಾಗಿದ್ದಾಗ ಆಡುತ್ತಿದ್ದ ಬೇಸಾಯದ ಆಟವೊಂದರ ಮಾದರಿಯಲ್ಲಿ ಸ್ವಂತ ಆಟ ಕಟ್ಟಲು ಕುಳಿತ. ಕೆಲವು ತಿಂಗಳಲ್ಲಿ ಮುಗಿದೀತು ಎಂಬ ಲೆಕ್ಕ. ಹಿಡಿದದ್ದು ಸುಮಾರು ನಾಲ್ಕೂವರೆ ವರ್ಷ.

ಪ್ರೋಗ್ರಾಂ ಬರೆದವನು ಅವನೇ, ಚಿತ್ರ ಬಿಡಿಸಿದವನು ಅವನೇ, ಸಂಗೀತ, ಸಂಭಾಷಣೆ ಎಲ್ಲ ಅವನದೇ. ದಿನಕ್ಕೆ ಹತ್ತು ಗಂಟೆ ದುಡಿತ. ಕಲಿತಂತೆಲ್ಲ ಹಳೆಯ ಚಿತ್ರಗಳು ಕಣ್ಣಿಗೆ ಹಿಡಿಸದೆ ಮತ್ತೆ ಮತ್ತೆ ಬಿಡಿಸಿದ. ಸಂಜೆ ಸಿಯಾಟಲ್ ನಗರದ ಒಂದು ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ. ಸಂಗಾತಿಯ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಅಷ್ಟು ವರ್ಷ ಆಟದಿಂದ ಬಂದ ಆದಾಯ ಸೊನ್ನೆ.

2016ರ ಫೆಬ್ರುವರಿ 26ರಂದು 'ಸ್ಟಾರ್‌ಡ್ಯೂ ವ್ಯಾಲಿ' ಮಾರಾಟಕ್ಕೆ ಬಂತು. ಬೆಲೆ ಹದಿನೈದು ಡಾಲರ್. ಎರಡು ತಿಂಗಳಲ್ಲಿ ಹತ್ತು ಲಕ್ಷ ಪ್ರತಿ. 2024ರ ಹೊತ್ತಿಗೆ ನಾಲ್ಕು ಕೋಟಿ ದಾಟಿತು. ಆಟದ ಕಥೆ ನಮಗೆ ತೀರಾ ಪರಿಚಿತ: ಕಂಪೆನಿಯ ನೌಕರಿಯಿಂದ ಬೇಸತ್ತ ಒಬ್ಬರು ಎಲ್ಲ ಬಿಟ್ಟು ಅಜ್ಜನ ಹಳೆಯ ಹೊಲಕ್ಕೆ ಮರಳಿ ಕಳೆ ಕಿತ್ತು ಬೆಳೆ ಬೆಳೆಯುವುದು. ನಮ್ಮಲ್ಲಿ ಹೊಲ ಮಾರಿ ಮಗನನ್ನು ಎಂಜಿನಿಯರ್ ಮಾಡಿಸಿದ ತಂದೆಗೆ ಇದನ್ನು ಹೇಳಿದರೆ ನಗಬೇಕೋ ಅಳಬೇಕೋ ತಿಳಿಯದು.

ಮಕ್ಕಳು ಮರೆಯುವ ಒಂದು ಅಂಶವನ್ನು ಇಲ್ಲಿ ಹೇಳಿಬಿಡಬೇಕು. ಈ ಆಟ ಮಾರಾಟವಾದ 'ಸ್ಟೀಮ್' ಎಂಬ ಅಂಗಡಿಯಲ್ಲಿ ಈಗ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬರುತ್ತವೆ. ಬಹುಪಾಲಿನವು ಹಾಕಿದ ಶ್ರಮಕ್ಕೆ ತಕ್ಕ ಹಣವನ್ನೂ ತರುವುದಿಲ್ಲ. ಮಾರಿದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಅಂಗಡಿಯವರ ಪಾಲು. ಹಣ ಬಾರದೇ ಹೋಗಿದ್ದರೂ ಬರೋನ್ ಕೈಯಲ್ಲಿ ನಾಲ್ಕು ವಿದ್ಯೆಗಳು ಉಳಿಯುತ್ತಿದ್ದವು. ಅಪ್ಪ ಅಮ್ಮ ತೂಗಿ ನೋಡಬೇಕಾದದ್ದು ಇದನ್ನು.

ಕನ್ನಡದಲ್ಲೂ ಉದಾಹರಣೆ ಉಂಟು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ 'ಬರಹ' 1998ರಲ್ಲಿ ಹೊರಬಂತು. ಜನ ವರ್ಷಗಟ್ಟಲೆ ಅದನ್ನು ಉಚಿತವಾಗಿಯೇ ಬಳಸಿದರು. ಬೆಲೆ ಬಂದದ್ದು ಆನಂತರದ ಆವೃತ್ತಿಗಳಿಗೆ. ಅಷ್ಟರಲ್ಲಿ ಅದು ಕನ್ನಡ ಬರೆಯುವವರ ಕೈಗೆ ಒಗ್ಗಿಹೋಗಿತ್ತು.

ಅಪ್ಪನ ಸಹಿ ಬೇಕು

ಇನ್ನು ವ್ಯವಹಾರದ ಮಾತು. ನಮ್ಮ 1872ರ ಕರಾರು ಕಾಯಿದೆಯಂತೆ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಊರ್ಜಿತವಲ್ಲ. ಯೂಟ್ಯೂಬ್ ಹಣ ಬರುವ ಗೂಗಲ್ ಖಾತೆಗೂ ಹದಿನೆಂಟು ಆಗಿರಬೇಕು. ಅದಕ್ಕೆ ಮೊದಲು ತಂದೆಯದೋ ತಾಯಿಯದೋ ಖಾತೆ ಜೋಡಿಸಬೇಕು. ಅಂದರೆ ಮನೆಯವರಿಗೆ ಹೇಳದೆ ಕದ್ದು ನಡೆಸುವ ವ್ಯವಹಾರವಲ್ಲ ಇದು. ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಸಾವಿರ ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕು. ಚಿಕ್ಕ ವಿಡಿಯೊಗಳಿಗೆ ಲೆಕ್ಕ ಬೇರೆ. ಆಮೇಲೂ ನೂರು ಡಾಲರ್ ಕೂಡುವ ತನಕ ಹಣ ಬ್ಯಾಂಕಿಗೆ ಬಾರದು.

ಸಿನಿಮಾ ಹಾಡಿಗೆ ಚೆಂದವಾಗಿ ಕುಣಿಯುವ ಮಕ್ಕಳಿಗೆ ಒಂದು ಕಹಿ ಸುದ್ದಿ. ಆ ವಿಡಿಯೊವನ್ನು ಲಕ್ಷ ಜನ ನೋಡಿದರೂ ಅದರ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಗಬಹುದು. ಹಾಡನ್ನು ಗುರುತಿಸುವ ವ್ಯವಸ್ಥೆ ಯೂಟ್ಯೂಬಿನಲ್ಲಿದೆ. ತಾನೇ ಬಾರಿಸಿದ ಚೆಂಡೆ, ತಾನೇ ಬಿಡಿಸಿದ ರಂಗೋಲಿಗೆ ಈ ತೊಡಕಿಲ್ಲ.

ತೆರಿಗೆಯಲ್ಲಿ ಮಾತ್ರ ಸರ್ಕಾರ ಮಕ್ಕಳ ಪ್ರತಿಭೆಯನ್ನು ಮನ್ನಿಸಿದೆ ಎನ್ನಬೇಕು. ಅಪ್ರಾಪ್ತ ಮಗನ ಹೆಸರಿನ ಠೇವಣಿಯ ಬಡ್ಡಿಯಂಥ ಆದಾಯ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಆದರೆ ಮಗುವಿನ ಸ್ವಂತ ಕೌಶಲ, ಪ್ರತಿಭೆ, ದುಡಿಮೆಯಿಂದ ಬಂದದ್ದು ಮಗುವಿನದೇ ಆದಾಯ. ಅದಕ್ಕೆ ಪ್ರತ್ಯೇಕ ಪಾನ್ ಕಾರ್ಡ್ ಮಾಡಿಸಬಹುದು. ಬಂದ ಹಣದ ಲೆಕ್ಕವನ್ನು ಮೊದಲ ದಿನದಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ಮೇಲು.

'ವಿಡಿಯೊಗೆ ಲೈಕ್ ಒತ್ತಿ, ದಿನಕ್ಕೆ ಎರಡು ಸಾವಿರ ಗಳಿಸಿ' ಎಂಬ ಸಂದೇಶಗಳ ಸಂಗತಿ ಬೇರೆ. ಮೊದಲು ಇನ್ನೂರು ಮುನ್ನೂರು ಕೊಟ್ಟು ಆಸೆ ಹುಟ್ಟಿಸಿ ಆಮೇಲೆ 'ಠೇವಣಿ' ಕೇಳುತ್ತಾರೆ. ಕೆಲಸ ಕೊಡುವವನು ಕೆಲಸಗಾರನಿಂದಲೇ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಹಣ ಹೋಗಿಯೇಬಿಟ್ಟಿದ್ದರೆ ಬೈಯುವುದನ್ನು ಆಮೇಲೆ ಇಟ್ಟುಕೊಂಡು ತಕ್ಷಣ 1930ಕ್ಕೆ ಫೋನ್ ಮಾಡಿ. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಟ್ಟಷ್ಟು ಹೊತ್ತೂ ಹಣ ದೂರ ಹೋಗುತ್ತಿರುತ್ತದೆ.

ಹಾಗಾದರೆ ಹನ್ನೊಂದು ಗಂಟೆಯ ಕೋಳಿಯ ಚಿತ್ರ? ಪರೀಕ್ಷೆಯ ವರ್ಷದಲ್ಲಿ ನನ್ನ ಮತ ತಾಯಿಗೇ. ಬರೋನ್ ಕೂಡ ಆಟಕ್ಕೆ ಕೈ ಹಾಕಿದ್ದು ಪದವಿ ಮುಗಿದ ಮೇಲೆ. ಆದರೆ ಸಿಟ್ಟಿನಲ್ಲಿ ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿಹಾಕುವುದು ಬೇಡ. ಭಾನುವಾರ ಬೆಳಗಿನ ಎರಡು ಗಂಟೆ ಅದಕ್ಕೆಂದು ಬಿಡಿ. ವಾರವಿಡೀ ಆ ಎರಡು ಗಂಟೆಗಾಗಿ ಕಾಯುತ್ತಾನೋ ಇಲ್ಲವೋ ನೋಡಿ. ಕಾಯದಿದ್ದರೆ ಹುಚ್ಚು ತಾನಾಗಿಯೇ ಇಳಿಯುತ್ತದೆ.

ಕಾದರೆ, ಒಂದಲ್ಲ ಒಂದು ದಿನ ಆ ಆಟವನ್ನು ಅಂಗಡಿಯಲ್ಲಿಡುವ ಮಾತು ಬರುತ್ತದೆ. ಸ್ಟೀಮ್‌ನಲ್ಲಿ ಒಂದು ಆಟಕ್ಕೆ ನೂರು ಡಾಲರ್ ಶುಲ್ಕ. ಸಾವಿರ ಡಾಲರಿನಷ್ಟು ಮಾರಾಟವಾದರೆ ಅದು ಮರಳಿ ಬರುತ್ತದೆ. ಆ ನೂರು ಡಾಲರ್ ಯಾರ ಕಾರ್ಡಿನಿಂದ ಹೋಗುತ್ತದೆ ಎಂಬುದು ಅಪ್ಪನಿಗೆ ಆಗಲೇ ಹೊಳೆದಿರುತ್ತದೆ.