ವಸಡಿನ ರೋಗ: ಕೋಶಗಳ ಸಾವು ಕ್ರಮ ತಪ್ಪಿದಾಗ

ಹಲ್ಲುಜ್ಜುವಾಗ ರಕ್ತ ಬಂದರೆ ನಾವು ದೂರುವುದು ಬ್ಯಾಕ್ಟೀರಿಯಾಗಳನ್ನು. ಆದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುವುದು ಬಹುಮಟ್ಟಿಗೆ ನಮ್ಮದೇ ದೇಹದ ಉರಿಯೂತದಿಂದ. ಆ ಉರಿಯೂತ ಯಾಕೆ ಆರುವುದಿಲ್ಲ ಎಂಬುದು ಗೊತ್ತಾಗಬೇಕಾದರೆ ಕೋಶಗಳು ಸಾಯುವ ರೀತಿಯನ್ನು ನೋಡಬೇಕು. ಆಯುಸ್ಸು ಮುಗಿದ ಕೋಶ ಕುಗ್ಗಿ, ತನ್ನ ಡಿಎನ್‌ಎಯನ್ನು ತಾನೇ ತುಂಡರಿಸಿ, ಪೊರೆ ಹರಿಯದಂತೆ ಸಣ್ಣ ಸಣ್ಣ ಚೂರುಗಳಾಗುತ್ತದೆ. ಒಳಗಿನ ಕಿಣ್ವಗಳು ಸೋರುವ ಮೊದಲೇ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶ ಅವನ್ನು ನುಂಗುತ್ತದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು ಈ ನಿಯೋಜಿತ ಸಾವಿಗೆ ಅಪೊಪ್ಟೊಸಿಸ್ ಎಂದು ಹೆಸರಿಟ್ಟರು.

ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಸದಾ ಬರುತ್ತಿರುತ್ತವೆ. ಹೋರಾಡಿ ಬೇಗ ಸಾಯುವುದೇ ಅವುಗಳ ಧರ್ಮ. ಅವನ್ನು ನುಂಗಿದ ಮ್ಯಾಕ್ರೊಫೇಜ್ ಉರಿಯೂತ ತಗ್ಗಿಸುವ ಸಂಕೇತ ಕೊಡುತ್ತದೆ. ರೋಗಪೀಡಿತ ವಸಡಿನಲ್ಲಿ ಈ ಸಾವು ತಡವಾಗುತ್ತದೆ. ಉಳಿದುಕೊಂಡ ಕಣಗಳು ಉಗುಳುವ ಕಿಣ್ವಗಳು ವಸಡಿನ ಕೊಲಾಜೆನ್ ನಾರುಗಳನ್ನೇ ಕರಗಿಸುತ್ತವೆ. ಇನ್ನೊಂದೆಡೆ, ಆ ನಾರುಗಳನ್ನು ಹೆಣೆಯಬೇಕಾದ ಕೋಶಗಳು ಅಕಾಲದಲ್ಲಿ ಸಾಯುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಈ ನಷ್ಟ ಇನ್ನೂ ಹೆಚ್ಚು.

ಬ್ಯಾಕ್ಟೀರಿಯಾಗಳೇ ಮೂಲವಾಗಿರುವಾಗ ಇಷ್ಟೆಲ್ಲ ವಿವರ ಯಾಕೆ ಎಂದು ಕೇಳಬಹುದು. 1965ರಲ್ಲಿ ಹ್ಯಾರಾಲ್ಡ್ ಲೋ ನಡೆಸಿದ ಪ್ರಯೋಗದಲ್ಲಿ ಹಲ್ಲುಜ್ಜುವುದನ್ನು ನಿಲ್ಲಿಸಿದವರಿಗೆ ಮೂರು ವಾರಗಳೊಳಗೆ ವಸಡಿನಲ್ಲಿ ಉರಿಯೂತ ಬಂತು, ಮತ್ತೆ ಉಜ್ಜಿದಾಗ ವಾಸಿಯಾಯಿತು. ಹಾಗಾಗಿ ಕಿಡಿ ಹಲ್ಲಿನ ಮೇಲೆ ಕಟ್ಟುವ ಬ್ಯಾಕ್ಟೀರಿಯಾಗಳ ಪಾಚಿಯದೇ, ನಿಜ. ಆದರೆ ಕಿಡಿಯೊಂದೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. ನ್ಯೂಟ್ರೊಫಿಲ್‌ಗಳು ರಕ್ತನಾಳ ದಾಟಿ ಹೊರಬರಲಾಗದ ಅಪರೂಪದ ಆನುವಂಶಿಕ ಕಾಯಿಲೆಯೊಂದರಲ್ಲಿ ಮಕ್ಕಳ ಹಲ್ಲುಗಳು ಎಳೆಯ ವಯಸ್ಸಿಗೇ ಉದುರುತ್ತವೆ. ಕಾವಲಿಲ್ಲದೆ ಸೋಂಕು ಹಬ್ಬಿತು ಎಂದೇ ಬಹುಕಾಲ ನಂಬಲಾಗಿತ್ತು. ಆದರೆ ಅಲ್ಲಿ ವಸಡಿನೊಳಗೆ ಸಾಯಲು ನ್ಯೂಟ್ರೊಫಿಲ್‌ಗಳೇ ಇಲ್ಲ, ಹಾಗಾಗಿ ಉರಿಯೂತ ತಗ್ಗಿಸುವ ಸಂಕೇತವೂ ಇಲ್ಲ. ಇದರಿಂದ ಐಎಲ್-17 ಎಂಬ ಉರಿಯೂತಕಾರಕ ಮಿತಿಮೀರುವುದನ್ನು 2014ರ ಅಧ್ಯಯನ ತೋರಿಸಿತು. 2017ರಲ್ಲಿ ವರದಿಯಾದ ಈ ಕಾಯಿಲೆಯ ಒಬ್ಬ ರೋಗಿಗೆ, ಐಎಲ್-17 ಹೆಚ್ಚಿಸುವ ಸಂಕೇತಗಳ ಸರಣಿಯನ್ನು ತಡೆಯುವ ಔಷಧ ಕೊಟ್ಟಾಗ ವಸಡಿನ ಉರಿಯೂತ ಶಮನವಾಯಿತು.

ಇದನ್ನು ಓದಿ ಮಾತ್ರೆ ಹುಡುಕಬೇಕಾಗಿಲ್ಲ. ರೋಗನಿರೋಧಕ ಶಕ್ತಿಯನ್ನೇ ಬದಲಿಸುವ ಅಂಥ ಔಷಧ ಸಾಮಾನ್ಯ ವಸಡಿನ ರೋಗಕ್ಕಲ್ಲ. ಪಾಚಿ ತೆಗೆದರೆ ಹೊಸ ನ್ಯೂಟ್ರೊಫಿಲ್‌ಗಳು ಬರುವುದು ಕಡಿಮೆಯಾಗಿ, ಬಂದವು ಕ್ರಮವಾಗಿ ಸತ್ತು ವಿಲೇವಾರಿಯಾಗಲು ಅವಕಾಶ ಸಿಗುತ್ತದೆ. ಆದ್ದರಿಂದ ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿ. ಗಟ್ಟಿಯಾಗಿ ಕಟ್ಟಿದ ಕಿಟ್ಟವನ್ನು ದಂತವೈದ್ಯರಲ್ಲಿ ತೆಗೆಸಿ, ತಂಬಾಕು ಬಿಡಿ, ಸಕ್ಕರೆಯನ್ನು ಹತೋಟಿಯಲ್ಲಿಡಿ. ಒಮ್ಮೆ ಕರಗಿದ ಮೂಳೆ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ.