ಕಡಲ ತಳದಲ್ಲಿ ಹತ್ತು ಹಳ್ಳಿಗಳು

ಹಳೆಯ ಹಳ್ಳಿಗಳನ್ನು ಯಾರೂ ನಕ್ಷೆ ಬರೆದು ಕಟ್ಟಲಿಲ್ಲ. ಸಿಹಿನೀರು ದೊರೆತ ಕಡೆ, ಕೆರೆಯ ಏರಿಯ ಕೆಳಗೆ, ಹೊಳೆ ದಾಟುವ ಕಡವಿನಲ್ಲಿ ಅವು ತಾವಾಗಿಯೇ ಬೆಳೆದವು. ಆದುದರಿಂದ ಊರಿಂದೂರಿಗೆ ಎಷ್ಟು ದೂರವಿರಬೇಕು, ಹೊಸ ಮನೆಗಳಲ್ಲಿ ಯಾವ ಊರಿಗೆ ಎಷ್ಟು ಪಾಲು ಸಲ್ಲಬೇಕು ಎಂಬ ಪ್ರಶ್ನೆಯನ್ನು ಶುದ್ಧರೂಪದಲ್ಲಿ ಪರೀಕ್ಷಿಸಬೇಕಾದರೆ ಊರೇ ಇಲ್ಲದ ನೆಲವೊಂದು ಬೇಕು. ನೆದರ್ಲೆಂಡ್ಸಿಗೆ, ಅಂದರೆ ನಮ್ಮಲ್ಲಿ ಹಾಲೆಂಡ್ ಎಂದು ರೂಢಿಯಾದ ದೇಶಕ್ಕೆ, ಅಂತಹ ನೆಲ 1942ರಲ್ಲಿ ದೊರೆಯಿತು.

ದೊರೆಯಿತು ಎನ್ನುವುದಕ್ಕಿಂತ ಅದನ್ನು ಸಂಪಾದಿಸಿದರು ಎನ್ನುವುದೇ ಸರಿ. 1932ರಲ್ಲಿ 32 ಕಿಲೊಮೀಟರ್ ಉದ್ದದ ಅಡ್ಡಗಟ್ಟೆಯಿಂದ ಜಾಯ್ಡರ್‌ಜೇ ಎಂಬ ಕೊಲ್ಲಿಯನ್ನು ಸಮುದ್ರದಿಂದ ಬೇರ್ಪಡಿಸಿದರು. ಆಮೇಲೆ ಅದರ ಈಶಾನ್ಯ ಭಾಗಕ್ಕೆ ಏರಿ ಹಾಕಿ, ಪಂಪುಗಳಿಂದ ನೀರನ್ನು ಹೊರಚೆಲ್ಲಿ, ಸುಮಾರು 480 ಚದರ ಕಿಲೊಮೀಟರ್ ನೆಲವನ್ನು ಮೇಲೆ ತಂದರು. ಇದೇ ಈಶಾನ್ಯ ಪೋಲ್ಡರ್. ಇದರ ನಡುವೆ ಎಮ್ಮೆಲೋರ್ಡ್ ಎಂಬ ಪಟ್ಟಣ; ಸುತ್ತಲೂ ಬಳೆಯಂತೆ ಹತ್ತು ಹಳ್ಳಿಗಳು. (ಹೆಸರನ್ನು ಕೇಳಿ ನಗುವ ವಾಚಕರಿಗೆ ಒಂದು ಮಾತು: ಇದಕ್ಕೂ ಎಮ್ಮೆಗೂ ಸಂಬಂಧವಿಲ್ಲ. ಆ ಕೊಲ್ಲಿಯಲ್ಲಿದ್ದ ಸ್ಖೋಕ್‌ಲಾಂಡ್ ದ್ವೀಪವನ್ನು 1859ರಲ್ಲಿ ತೆರವು ಮಾಡಿದಾಗ ಬರಿದಾದ ಊರೊಂದರ ಹೆಸರು ಅದು.)

ಹತ್ತೇ ಹಳ್ಳಿಗಳು ಏಕೆ? ಐದೇಕಾಗಬಾರದು? ಉತ್ತರ ಬೈಸಿಕಲ್ಲಿನಲ್ಲಿದೆ. ರೈತರು ಬಹುಮಟ್ಟಿಗೆ ತಮ್ಮ ಹೊಲದಲ್ಲಿಯೇ ಮನೆ ಮಾಡಿಕೊಂಡರು. ಕೂಲಿಕಾರರು, ಅಂಗಡಿಯವರು, ಉಪಾಧ್ಯಾಯರು ಹಳ್ಳಿಗಳಲ್ಲಿ ನೆಲೆಸಿದರು. ಕೂಲಿಕಾರನು ಬೈಸಿಕಲ್ಲಿನ ಮೇಲೆ ಹೊಲಕ್ಕೆ ಹೋಗಬೇಕು, ರೈತನ ಮಕ್ಕಳು ಹಾಗೆಯೇ ಶಾಲೆಗೆ ಬರಬೇಕು. 480 ಚದರ ಕಿಲೊಮೀಟರನ್ನು ಹನ್ನೊಂದು ಊರುಗಳಿಗೆ ಹಂಚೋಣ: ಒಂದಕ್ಕೆ ಸುಮಾರು 44 ಬರುತ್ತದೆ. ಅದನ್ನು ವೃತ್ತವೆಂದು ಭಾವಿಸಿದರೆ ತ್ರಿಜ್ಯ 3.7 ಕಿಲೊಮೀಟರ್. ಗಂಟೆಗೆ 15 ಕಿಲೊಮೀಟರ್ ವೇಗದಲ್ಲಿ ಇದು ಕಾಲು ಗಂಟೆಯ ದಾರಿ. ಹಳ್ಳಿಗಳು ಐದೇ ಆಗಿದ್ದರೆ ತ್ರಿಜ್ಯ 5 ಕಿಲೊಮೀಟರನ್ನು ಮುಟ್ಟುತ್ತಿತ್ತು. ಸಮುದ್ರದ ಎದುರುಗಾಳಿಯಲ್ಲಿ ಅದು ಹುಡುಗಾಟವಲ್ಲ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ದೂರ ವೇಗದ ಅನುಪಾತದಲ್ಲಿ ಹೆಚ್ಚಿದರೆ, ವಿಸ್ತೀರ್ಣ ವೇಗದ ವರ್ಗದ ಅನುಪಾತದಲ್ಲಿ ಹೆಚ್ಚುತ್ತದೆ. ಬೈಸಿಕಲ್ಲಿನ ಸ್ಥಾನದಲ್ಲಿ ಗಂಟೆಗೆ 60 ಕಿಲೊಮೀಟರ್ ಓಡುವ ಮೋಟಾರನ್ನು ಇರಿಸಿ: ವೇಗ ನಾಲ್ಕು ಪಟ್ಟು, ಕಾಲು ಗಂಟೆಯಲ್ಲಿ ಮುಟ್ಟಬಹುದಾದ ನೆಲ ಹದಿನಾರು ಪಟ್ಟು. ಆ ಲೆಕ್ಕಕ್ಕೆ ಇಡೀ ಪೋಲ್ಡರಿಗೆ ಎಮ್ಮೆಲೋರ್ಡ್ ಒಂದೇ ಸಾಕು!

ಹಳ್ಳಿಗಳ ಗೋಡೆಗಳು ಮೇಲೇಳುತ್ತಿದ್ದಂತೆಯೇ ಮೋಟಾರು ಬಂದಿತು. ಟ್ರಾಕ್ಟರು ಬಂದು ಕೂಲಿಕಾರರ ಸಂಖ್ಯೆಯನ್ನೂ ತಗ್ಗಿಸಿತು. ಹಾಲೆಂಡಿನವರು ಪಾಠ ಕಲಿಯಲು ತಡಮಾಡಲಿಲ್ಲ. 1957ರಲ್ಲಿ ನೀರು ಬತ್ತಿಸಿದ ಪೂರ್ವ ಫ್ಲೆವೊಲಾಂಡಿನ ವಿಸ್ತಾರ ಸುಮಾರು 540 ಚದರ ಕಿಲೊಮೀಟರ್. ಅಲ್ಲಿ ಮೊದಲು ಯೋಚಿಸಿದ್ದ ಹಲವು ಹಳ್ಳಿಗಳನ್ನು ನಕ್ಷೆಯಿಂದ ಅಳಿಸಿ, ಲೆಲಿಸ್ಟಾಡ್ ನಗರವಲ್ಲದೆ ಡ್ರೋಂಟೆನ್, ಸ್ವಿಫ್ಟರ್‌ಬಾಂಟ್, ಬಿಡ್ಡಿಂಗ್‌ಹೌಜೆನ್ ಎಂಬ ಮೂರನ್ನೇ ಕಟ್ಟಿದರು. ತ್ರಿಜ್ಯ ಆರೂವರೆ ಕಿಲೊಮೀಟರಿಗೆ ಏರಿತು. ಇತ್ತ ಹಳೆಯ ಪೋಲ್ಡರಿನಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ಜನ ಎಮ್ಮೆಲೋರ್ಡಿನಲ್ಲಿಯೇ ಇದ್ದಾರೆ.

ಹಾಗಾದರೆ ಆ ಹತ್ತು ಹಳ್ಳಿಗಳಿಗೆ ಹೊಸ ಮನೆಗಳೇ ಬೇಡವೆ? ಇಲ್ಲಿ ಎರಡನೆಯ ಲೆಕ್ಕ ಅಡ್ಡ ಬರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. 1950ರ ಸುಮಾರಿಗೆ ಹಾಲೆಂಡಿನ ಒಂದು ಮನೆಯಲ್ಲಿ ಸರಾಸರಿ ನಾಲ್ವರ ಆಸುಪಾಸು ಜನರಿದ್ದರು. ಈಗ ಎರಡಕ್ಕಿಂತ ತುಸು ಮಾತ್ರ ಹೆಚ್ಚು, 2.1 ಎನ್ನೋಣ. 500 ಮನೆಗಳ ಹಳ್ಳಿಯೊಂದನ್ನು ಕಲ್ಪಿಸಿಕೊಳ್ಳಿ. ಅಂದು ಅಲ್ಲಿ 2,000 ಜನ. ಒಂದು ಮನೆಯೂ ಬೀಳದೆ, ಒಬ್ಬನೂ ಊರ ಮೇಲೆ ಮುನಿಯದೆ, ಇಂದು 1,050 ಜನ ಮಾತ್ರ. ಮೊದಲಿನ ಜನಸಂಖ್ಯೆಯನ್ನು ಉಳಿಸಿಕೊಳ್ಳಲು 450 ಹೊಸ ಮನೆಗಳು ಬೇಕು. ಊರು ಬೆಳೆಯಿತೆಂದು ದಾರಿಹೋಕರು ಭಾವಿಸುತ್ತಾರೆ. ಅದು ನಿಂತಲ್ಲಿ ನಿಲ್ಲಲು ಓಡುತ್ತಿರುತ್ತದೆ.

ಈಗ ಹಂಚಿಕೆಗೆ ಬರೋಣ. ಇಂತಹ ಹತ್ತು ಹಳ್ಳಿಗಳಿವೆ, ಕಟ್ಟಲು ಸಾಧ್ಯವಿರುವುದು 1,000 ಮನೆಗಳು ಎಂದಿಟ್ಟುಕೊಳ್ಳೋಣ. ಸಮನಾಗಿ ನೂರು ನೂರು ಕೊಟ್ಟರೆ ಪ್ರತಿಯೊಂದರಲ್ಲಿಯೂ 1,260 ಜನ. 2,000 ಜನರನ್ನು ನೆಚ್ಚಿದ್ದ ಶಾಲೆಯೂ ಅಂಗಡಿಯೂ ಹತ್ತು ಊರುಗಳಲ್ಲಿಯೂ ಸೊರಗುತ್ತವೆ. ಎರಡೇ ಹಳ್ಳಿಗಳಿಗೆ ಐನೂರೈನೂರು ಕೊಟ್ಟರೆ ಆ ಎರಡು ತಲೆಯೆತ್ತಿ ನಿಲ್ಲುತ್ತವೆ, ಎಂಟು 1,050ರಲ್ಲಿಯೇ ಉಳಿಯುತ್ತವೆ. ಮೊದಲನೆಯದು ನೋಟಕ್ಕೆ ನ್ಯಾಯ. ಆದರೂ ಹತ್ತು ಅರೆಜೀವ ಶಾಲೆಗಳಿಗಿಂತ, ನೆರೆಯೂರಿನ ಮಕ್ಕಳನ್ನೂ ಸೇರಿಸಿಕೊಳ್ಳುವ ಕೆಲವು ಗಟ್ಟಿ ಶಾಲೆಗಳು ಮೇಲೆಂದು ನಮಗೆ ತೋರುತ್ತದೆ. ಎಂಟು ಹಳ್ಳಿಗಳ ಮಕ್ಕಳು ಅಲ್ಲಿಗೆ ತಲಪುವುದು ಹೇಗೆ ಎಂಬುದನ್ನು ಮೊದಲೇ ಏರ್ಪಡಿಸಿದ್ದರೆ ಮಾತ್ರ.

ಏಕೆಂದರೆ ಮೋಟಾರಿನ ಹದಿನಾರು ಪಟ್ಟಿನ ಲೆಕ್ಕ ಮೋಟಾರು ಉಳ್ಳವರದು. ಏಳು ವರ್ಷದ ಮಗುವಿನ ಮತ್ತು ಎಂಬತ್ತರ ಮುದುಕಿಯ ವೇಗ ಬೇರೆ. ಗಂಟೆಗೆ 4 ಕಿಲೊಮೀಟರ್ ನಡೆಯುವವರು ಕಾಲು ಗಂಟೆಯಲ್ಲಿ ಮುಟ್ಟುವುದು ಒಂದೇ ಕಿಲೊಮೀಟರ್. ಅವರ ತ್ರಿಜ್ಯದಿಂದ ಈಶಾನ್ಯ ಪೋಲ್ಡರನ್ನು ಅಳೆದರೆ ಹತ್ತಲ್ಲ, ನೂರೈವತ್ತಕ್ಕೂ ಮಿಕ್ಕಿ ಹಳ್ಳಿಗಳು ಬೇಕಾಗುತ್ತವೆ. ಅಷ್ಟನ್ನು ಯಾರೂ ಕಟ್ಟರು. ಹಾಗಾಗಿ ಹೊಸ ಮನೆಗಳನ್ನು ಯಾವ ಹಳ್ಳಿಗೆ ಕೊಟ್ಟರೂ, ಅವು ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿವೆಯೋ, ಊರಾಚೆಯ ಹೆದ್ದಾರಿಯ ಮಗ್ಗುಲಲ್ಲಿವೆಯೋ ಎಂಬುದನ್ನು ನಕ್ಷೆಯ ಮೇಲೆ ಬೇರೆಯಾಗಿಯೇ ಅಳೆಯಬೇಕಾಗುತ್ತದೆ.